ಕುತ್ತಿಗಿಗೆ ಕಾಲು ಹಚ್ಚೂದಿಲ್ಲ

ಅತ್ತೀ,

ಬಸ್ಸಿನ ಹೊತ್ತಾತು, ನೀವಿನ್ನೂ ಮಲಗೀರಿ, ಅದಕ್ಕ ಬರದಿಟ್ಟು ಹೊಂಟೇನಿ.

ನಾನು ಕಾಲು ಮುಂದಾಗಿ ಹುಟ್ಟಿದಾಕಿ, ಅಂಥವರು ಒದ್ದರ ಉಳುಕು ಬಿಡತೈತಿ ಅಂತಾರ, ಖರೆ. ಚಿಗಳ್ಳ್ಯಾಗ ನಮ್ಮಪ್ಪನ ಮನಿಗೆ ಬಂದು, ಉಳುಕಿದ ಸೊಂಟಕ್ಕ ನನ್ನ ಕಡಿಂದ ಒದಿಸಿಕೊಂಡು ಆರಾಮಾದವರು ಭಾಳ ಮಂದಿ, ಅದೂ ಖರೆ. ಆದರ ನಿಮ್ಮ ಕುತ್ತಿಗಿಗೆ ಕಾಲು ಹಚ್ಚು ಅಂತ ನಿನ್ನೆಯಿಂದ ಗಂಟು ಬಿದ್ದೀರಲ್ಲ, ಅದು ಮಾತ್ರ ಆಗೂದಿಲ್ಲ.

ಇದು ಉಳುಕಲ್ಲರಿ. ಕೋಗಿಲಬನದ ಹತ್ತಿರ ಟೆಂಪೊ ಹಿಂದಿಂದ ನಮ್ಮ ಕಾರಿಗೆ ಗುದ್ದಿದಾಗ ನಿಮ್ಮ ತಲಿ ಹಿಂದ ಹೋಗಿ ಜಟ್ಟನ ಮುಂದ ಬಂತು, ಒಳಗಿನ ಸ್ನಾಯು ಜಗ್ಗಿದವು. ಅದಕ್ಕ ನೋವು ಮರುದಿನ ಎದ್ದೈತಿ. ಎಲುಬು ಛಲೋ ಅದಾವು, ಕೆಲವು ವಾರದಾಗ ಆರಾಮ ಆಗತೈತಿ ಅಂದಾರ ಡಾಕ್ಟರು.

ನಾಷ್ಟಾ ಮಾಡಿ ಗುಳಿಗಿ ತಗೋರಿ. ಕುತ್ತಿಗಿ ಪಟ್ಟಾ ದಿನಾಪೂರ್ತಿ ಹಾಕ್ಕೊಂಡು ಗೊಂಬಿಯಂಗ ಕೂಡಬ್ಯಾಡ್ರಿ, ತಾಸಿಗೊಮ್ಮೆ ಸಾವಕಾಶ ಆ ಕಡೆ ಈ ಕಡೆ ತಿರುಗಿಸ್ರಿ. ಕೈ ಜುಮುಜುಮು ಅಂದ್ರ ತಡಾ ಮಾಡದ ಫೋನ್ ಹಚ್ರಿ. ಮಗ್ಗಲಮನಿ ಗಿರಿಜಾಬಾಯಿ ತಿಕ್ಕತೇನಂತ ಬಂದ್ರ ಚಹಾ ಕುಡಿಸಿ ಕಳಸ್ರಿ.

ಅಂದಂಗ, ಕಾರು ನಿಮ್ಮ ಮಗ ಹೊಡೀತಿದ್ದ ಅಂತ ಆಕಿಗೆ ಹೇಳೀರಂತ. ಅವರು ಅವತ್ತು ಅಂಬಿಕಾನಗರದಾಗ ಡ್ಯೂಟಿ ಮ್ಯಾಲಿದ್ದರು! ಗಿರಿಜಾಬಾಯಿ ನಿಮ್ಮ ಮಗಗ ಫೋನ್ ಮಾಡಿ, ಕಾರು ಸಾವಕಾಶ ಹೊಡಿ ಅಂತ ಬುದ್ಧಿ ಹೇಳ್ಯಾರ. ಪಾಪ, ಅವರು ಹೂಂ ಹೂಂ ಅಂದಾರ.

ಸಂಜಿಕೆ ಬಂದು ನನ್ನ ಕೈಲೆ ಬಿಸಿ ಅರಿವಿ ಶಾಖಾ ಕೊಡತೇನಿ. ಕಾಲಿನ ಮಾತು ಬಿಡ್ರಿ. ಮಂಗ್ಯಾ ಅಡ್ಡ ಬಂತಂತ ಬ್ರೇಕ್ ತುಳಿದದ್ದು ಇದ ಕಾಲು, ಅತ್ತೀ. ನಿಮ್ಮ ಕುತ್ತಿಗಿಗೆ ಒಮ್ಮೆ ಹತ್ತೇತಿ, ಸಾಕು.

ಸುವರ್ಣಾ