ಗುಮ್ಮಟದ ಮೇಲಿನ ಗೂನು ಖರ್ಜೂರ

ಸ್ಫಾಕ್ಸ್
೩ ಸೆಪ್ಟೆಂಬರ್ ೨೦೨೪

ಪ್ರಿಯ ಮೊಂಜಿ,

ನೀನೂ ಮನೆಯವರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಕಾಗದಕ್ಕೆ ಉತ್ತರ ಬರೆಯಲು ಹದಿನಾಲ್ಕು ತಿಂಗಳು ತಡವಾಯಿತು. ಅಂಚೆಯವರನ್ನು ಬೈಯಬೇಡ, ನಾನು ಬರೆದು ಹಾಕಿದ್ದರೆ ತಾನೇ ಅವರು ಕಳೆಯುವುದು. ಬಿಜೆರ್ತೆ ಬಂದರಿನಲ್ಲಿ ನಿನ್ನ ಕ್ರೇನಿನ ಕೆಲಸ ಖಾಯಂ ಆದದ್ದೂ ಮಬ್ರೂಕಾ ಚಿಕ್ಕಮ್ಮನ ಮಂಡಿನೋವು ಇಳಿದದ್ದೂ ಓದಿ ಸಂತೋಷವಾಯಿತು. ನನ್ನ ಸುದ್ದಿ ಚಿಕ್ಕದು: ಕೂದಲು ಉದುರಿತು, ಹಲ್ಲು ಅದುರಿತು, ಸರ್ವೆ ಕಚೇರಿಯ ಕುರ್ಚಿ ಮಾತ್ರ ಕದಲಲಿಲ್ಲ.

ಕಳೆದ ವಾರ ದ್ವೀಪಕ್ಕೆ ಹೋಗಿದ್ದೆ. ನಮ್ಮ ಕೆರ್ಕೆನ್ನಾ ಈಗಲೂ ಹಾಗೇ ಇದೆ, ತಟ್ಟೆಯಂತೆ ಚಪ್ಪಟೆ. ನೀರಿನಲ್ಲಿ ಅರ್ಧ ಮೈಲಿ ನಡೆದರೂ ಸೊಂಟ ನೆನೆಯುವುದಿಲ್ಲ. ದಡದ ಮೇಲೆ ಆಗಲೇ ಖರ್ಜೂರದ ಗರಿ ಕಡಿದು ರಾಶಿ ಹಾಕಿದ್ದಾರೆ. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಿಮ್ಮ ಶರ್ಫಿಯಾ, ಆ ಮೀನುಬೇಲಿ, ಕಣ್ಣಿಗೆ ಕಟ್ಟಿತು. ನಿನ್ನಪ್ಪ ತಾಹರ್ ಚಿಕ್ಕಪ್ಪ ಗರಿಗಳನ್ನು ಒಂದೊಂದಾಗಿ ಸಮುದ್ರದ ತಳಕ್ಕೆ ನೆಟ್ಟು ಬೇಲಿ ಕಟ್ಟುತ್ತಿದ್ದರು. ನೀರು ಇಳಿಯುವಾಗ ಮೀನು ಬೇಲಿಯ ಗುಂಟ ಈಜಿ, ಕೊನೆಯ ಬುಟ್ಟಿಗೆ ತಾನಾಗಿಯೇ ಬಂದು ಬೀಳುತ್ತಿತ್ತು. ನಾವಿಬ್ಬರೂ ಗರಿ ಎತ್ತಿಕೊಡುತ್ತ ಅವರು ಕಲಿಸಿದ ಪದ ಹೇಳಬೇಕಿತ್ತು, ನೆನಪಿದೆಯೇ?

ಗುಮ್ಮಟದ ತಲೆಮೇಲೆ ಗೂನು ಖರ್ಜೂರ,
ಇತ್ತ ನಮ್ಮ ನೀರು, ಅತ್ತ ಬಶೀರ.

ದಡದಲ್ಲಿರುವ ಸಂತನ ಗೋರಿಯ ಗುಮ್ಮಟ, ಅದರ ನೆತ್ತಿಯಿಂದಲೇ ಎದ್ದಂತೆ ಕಾಣುವ ಹಿಂದಿನ ಗೂನು ಮರ. ಅವೆರಡೂ ಒಂದಾಗಿ ಕಾಣುವ ಗೆರೆಯೇ ನಿಮ್ಮ ನೀರಿನ ಬಡಗಣ ಗಡಿ. ನಿನ್ನ ಮುತ್ತಜ್ಜನ ಕಾಲದ ಪತ್ರದಲ್ಲೂ ಅದೇ ಇತ್ತು, ಪ್ರಾಸವೊಂದನ್ನು ಬಿಟ್ಟು.

೨೦೦೧ರಲ್ಲಿ, ನಿಮ್ಮ ಬೇಲಿ ತನ್ನ ನೀರಿನಲ್ಲಿದೆಯೆಂದು ಪಕ್ಕದ ಬಶೀರ ದೂರು ಕೊಟ್ಟಾಗ ಕಚೇರಿಯವರು ನನ್ನನ್ನೇ ಕಳಿಸಿದರು. ನನಗಾಗ ಇಪ್ಪತ್ಮೂರು. ಹೊಸ ಜಿಪಿಎಸ್ ಪೆಟ್ಟಿಗೆಯ ಗುಂಡಿ ಒತ್ತಲು ಬರುತ್ತಿದ್ದದ್ದು ನನಗೊಬ್ಬನಿಗೇ. ಚಿಕ್ಕಪ್ಪ ತಾವೇ ದೋಣಿ ನಡೆಸಿಕೊಂಡು ಬಂದರು. ಪೆಟ್ಟಿಗೆಯನ್ನು ಓರೆಗಣ್ಣಿನಲ್ಲಿ ನೋಡಿ, "ಇದು ನಮ್ಮ ಸಮುದ್ರಾನ ಯಾವಾಗ ನೋಡಿತ್ತಂತೆ?" ಎಂದು ಕೇಳಿದರು.

ನಾನು ಮೇಷ್ಟರ ಗತ್ತಿನಲ್ಲಿ ವಿವರಿಸಿದೆ. ಇಪ್ಪತ್ತು ಸಾವಿರ ಕಿಲೋಮೀಟರು ಮೇಲೆ ಉಪಗ್ರಹಗಳು ಸುತ್ತುತ್ತಿವೆ. ನಾನು ಇಲ್ಲಿದ್ದೇನೆ, ಈಗ ಗಂಟೆ ಇಷ್ಟು ಎಂದು ಒಂದೊಂದೂ ಕೂಗುತ್ತಲೇ ಇರುತ್ತದೆ. ಕೂಗು ಬರುವುದು ಬೆಳಕಿನ ವೇಗದಲ್ಲಾದರೂ ಕೂದಲೆಳೆಯಷ್ಟು ತಡವಾಗುತ್ತದೆ. ಆ ತಡವನ್ನು ಅಳೆದರೆ ದೂರ ಸಿಕ್ಕಿತು. ಮೂರು ದೂರ ಕೂಡಿದ ಕಡೆ ನಾವಿದ್ದೇವೆ.

ಚಿಕ್ಕಪ್ಪ ಹುಟ್ಟು ಕೆಳಗಿಟ್ಟರು. ಮಂಜು ಕವಿದ ದಿನ ತಾವು ಮಾಡುವುದೂ ಇದನ್ನೇ ಎಂದರು. ರಮ್ಲಾ, ಉಲೇದ್ ಕಾಸಿಮ್ ಎರಡೂರಿನ ಬಾಂಗಿನಲ್ಲಿ ರಮ್ಲಾದ್ದು ಮೊದಲು ಕೇಳಿಸಿದರೆ ದೋಣಿ ರಮ್ಲಾದ ಕಡೆ ಇದೆಯೆಂದು ಲೆಕ್ಕವಂತೆ. "ಆದ್ರೆ ಉಲೇದ್ ಕಾಸಿಮ್‌ನೋನು ದಿನಾ ಎದ್ದೇಳೋದೇ ಲೇಟು. ನಿನ್ನೋರು ಹೆಂಗೆ?"

ಮೇಲಿನವು ನಿದ್ದೆ ಮಾಡುವುದಿಲ್ಲ, ಅವುಗಳೊಳಗೆ ಪರಮಾಣು ಗಡಿಯಾರ ಇದೆ ಎಂದೆ. ತಪ್ಪುವುದು ನಮ್ಮ ಪೆಟ್ಟಿಗೆಯ ಅಗ್ಗದ ಗಡಿಯಾರ. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ಹೆಚ್ಚುಕಡಿಮೆಯಾದರೂ ಮುನ್ನೂರು ಮೀಟರು ಹೋಯಿತು. ಅದರ ಸುಳ್ಳು ಹಿಡಿಯುವುದಕ್ಕೇ ನಾಲ್ಕನೆಯ ಉಪಗ್ರಹ ಬೇಕು.

"ಹಂಗಾದ್ರೆ ಸುಳ್ಳು ಹೇಳೋದು ಮೇಲಿರೋರಲ್ಲ, ಕೆಳಗೆ ಕೈಲಿ ಹಿಡ್ಕೊಂಡಿರೋರು ಅನ್ನು," ಎಂದು ಅವರು ನಕ್ಕರು. ನಾನೂ ನಕ್ಕೆ.

ಬೇಲಿಯ ಆರು ಕಡೆ ಅಳೆದುಕೊಂಡು ಬಂದು ಫ್ರೆಂಚರ ಕಾಲದ ನಕ್ಷೆಯಲ್ಲಿ ಗುರುತು ಹಾಕಿದೆ. ಆರೂ ಬಶೀರನ ನೀರಿನಲ್ಲಿ ಕುಳಿತವು, ಗಡಿಯಿಂದ ನೂರೆಪ್ಪತ್ತು ಮೀಟರು ಬಡಗಲಿಗೆ. ಆಜ್ಞೆ ಹೊರಟಿತು. ಚಿಕ್ಕಪ್ಪ ಬೇರೆಯವರ ಕೈ ತಾಗಗೊಡದೆ ಗರಿಗಳನ್ನು ತಾವೇ ಕಿತ್ತರು. ಮೀನು ಹಾಯುವ ಕಾಲುವೆ ಆ ನೂರೆಪ್ಪತ್ತು ಮೀಟರಿನ ಪಟ್ಟಿಯಲ್ಲೇ ಇತ್ತು. ಉಳಿದದ್ದು ಬರೀ ಪಾಚಿ. ಮೂರು ವರ್ಷ ಬೇರೆಯವರ ದೋಣಿಯಲ್ಲಿ ದುಡಿದು ಅವರು ತೀರಿಕೊಂಡರು. ನೀನು ಬಿಜೆರ್ತೆಗೆ ಹೋದೆ. ನನ್ನ ಮೇಲೆ ನಿನಗೆ ಸಿಟ್ಟಿಲ್ಲ, ಯಂತ್ರ ಹೇಳಿದ್ದನ್ನು ನಾನು ಬರೆದೆ ಅಷ್ಟೇ, ಎಂದು ಹೋಗುವಾಗ ನೀನೇ ಹೇಳಿದ್ದೆ.

ಈಗ ಕೇಳು. ಹೋದ ತಿಂಗಳು ಹಳೆಯ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವಾಗ ನಮ್ಮ ಹೊಸ ಹುಡುಗಿ ಜಲೀಲಾ ಆ ಕಡತ ಹಿಡಿದುಕೊಂಡು ಬಂದಳು. ಪೆಟ್ಟಿಗೆ ಅಳೆಯುವುದು ಭೂಮಿಯ ನಟ್ಟನಡುವಿನಿಂದ; ಆ ನಕ್ಷೆ ಎಣಿಸುವುದು ಕಾರ್ಥೇಜಿನ ಗುಡ್ಡದ ಒಂದು ಗುರುತಿನಿಂದ. ಒಂದರ ಅಂಕೆಯನ್ನು ಇನ್ನೊಂದರ ಮೇಲೆ ಹಾಗೆಯೇ ಇಟ್ಟರೆ ಇಡೀ ಜಾಗ ಜಾರುತ್ತದೆ, ನಮ್ಮ ಕಡೆ ನೂರೆಪ್ಪತ್ತು ಮೀಟರಿನಷ್ಟು. ಪೆಟ್ಟಿಗೆಯಲ್ಲಿ ಅದನ್ನು ಸರಿಪಡಿಸುವ ಆಯ್ಕೆಯೊಂದಿತ್ತು, ನಾನು ಒತ್ತಿರಲಿಲ್ಲ. "ಸರ್, ಇದನ್ನ ಅಳೆದೋರು ಯಾರೋ ಹೊಸಬರು ಇರ್ಬೇಕು," ಎಂದಳು. ಹೌದು, ಹೊಸಬನೇ ಎಂದೆ.

ಅದಕ್ಕೇ ದ್ವೀಪಕ್ಕೆ ಹೋದದ್ದು. ಗೂನು ಮರ ಇನ್ನೂ ಇದೆ, ಇನ್ನಷ್ಟು ಬಗ್ಗಿದೆ. ಅದು ಗುಮ್ಮಟದ ನೆತ್ತಿಗೆ ಬಂದು ಕೂರುವವರೆಗೂ ದೋಣಿ ಸರಿಸಿ, ಸರಿಯಾದ ಆಯ್ಕೆ ಒತ್ತಿ ಅಳೆದೆ. ದಾಖಲೆಯ ಗಡಿಗೂ ಚಿಕ್ಕಪ್ಪನ ಪದಕ್ಕೂ ನಾಲ್ಕೇ ಮೀಟರು ವ್ಯತ್ಯಾಸ ಬಂತು. ಬೇಲಿ ನಿಮ್ಮ ನೀರಿನಲ್ಲೇ ಇತ್ತು, ಮೊಂಜಿ. ಅಷ್ಟೂ ವರ್ಷ.

ತಿದ್ದುಪಡಿಯ ಅರ್ಜಿ ಇದರೊಳಗಿದೆ. ನೀನೂ ಚಿಕ್ಕಮ್ಮನೂ ಸಹಿ ಹಾಕಿ ಈ ತಿಂಗಳೊಳಗೆ ಕಳಿಸಿದರೆ ಗರಿ ನೆಡುವ ಹೊತ್ತಿಗೆ ನೀರು ನಿಮ್ಮ ಹೆಸರಿಗೆ ಬರುತ್ತದೆ. ಬಶೀರ ತೀರಿಕೊಂಡಿದ್ದಾನೆ, ಅವನ ಮಕ್ಕಳದು ತಕರಾರಿಲ್ಲ, ಅವರು ಇಲ್ಲಿ ಟೈರಿನ ಅಂಗಡಿ ಇಟ್ಟಿದ್ದಾರೆ. ಗರಿ ಎತ್ತಿಕೊಡುವವರು ಬೇಕಿದ್ದರೆ ನನಗೆ ರಜೆ ಬಾಕಿಯಿದೆ.

ಚಿಕ್ಕಮ್ಮನ ಕೈಗೆ ನನ್ನ ಮುತ್ತು. ನಿನ್ನ ಮಕ್ಕಳನ್ನು ದೇವರು ಆರೋಗ್ಯವಾಗಿಟ್ಟಿರಲಿ, ನಿನ್ನ ಬುಟ್ಟಿ ಮತ್ತೆ ತುಂಬಲಿ.

ನಿನ್ನ,
ನಾಸರ್

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಜಲೀಲಾ ತಪ್ಪು ಹಿಡಿದದ್ದು ನಿಜ. ಆದರೆ ನನಗದು ಹೊಸ ಸುದ್ದಿಯಲ್ಲ. ಗರಿ ಕಿತ್ತ ಹನ್ನೊಂದನೆಯ ದಿನ ಪೆಟ್ಟಿಗೆಯ ಜೊತೆ ಬಂದ ಪುಸ್ತಕ ಓದುತ್ತಿದ್ದಾಗಲೇ ನನಗೆ ಗೊತ್ತಾಯಿತು. ಕೆಲಸ ಖಾಯಂ ಆಗಲು ಆರು ತಿಂಗಳಿತ್ತು. ಆಮೇಲೆ ಹೇಳೋಣವೆಂದುಕೊಂಡೆ. ಮುಂದಿನ ಮಾರ್ಚಿನಲ್ಲಿ ಚಿಕ್ಕಪ್ಪ ದೋಣಿ ಹಿಡಿದು ಇಲ್ಲಿಯ ಕಚೇರಿಗೆ ಬಂದಿದ್ದರು, ಇದು ನಿನಗೆ ಗೊತ್ತಿಲ್ಲ. ಕೈಯಲ್ಲಿ ಒಣಗಿಸಿದ ಆಕ್ಟೋಪಸ್ಸಿನ ಬುಟ್ಟಿ. "ಇನ್ನೊಂದ್ಸಲ ಅಳೀತೀಯಾ ಮಗಾ?" ಎಂದರು. ಉಪಗ್ರಹ ಸುಳ್ಳು ಹೇಳುವುದಿಲ್ಲ ಎಂದೆ. ಅವರು ನನ್ನ ಮುಖ ನೋಡಿ, "ಅದು ಹೇಳಲ್ಲ, ನಂಗೊತ್ತು," ಎಂದು ಬುಟ್ಟಿಯನ್ನು ಮೇಜಿನ ಮೇಲೆ ಬಿಟ್ಟು ಹೋದರು.

ಅದನ್ನು ನಾನು ತಿಂದೆ, ಮೊಂಜಿ.