ಸುರಕ್ಷಾಳ ಒಪ್ಪಿಗೆ

ಗುಫೂಲ್, ಬಹರೈನ್

ಮಾನ್ಯ ಸರ್ವೋತ್ತಮರಿಗೆ ವಂದನೆಗಳು.

ತಮ್ಮ ಮಗ ಯಶ್ವಂತನನ್ನು ವರಿಸಲು ನನ್ನ ಮಗಳು ಸುರಕ್ಷಾ ಒಪ್ಪಿದ್ದಾಳೆಂದು ಹಿಂದಿನ ಪತ್ರದಲ್ಲಿ ಬರೆದಿದ್ದೆ. ಅದು ತಪ್ಪು.

ಬ್ರಿಟಿಷರು ಇಲ್ಲಿನ ಅರಸರೊಡನೆ ಮಾಡಿಕೊಂಡ ಒಪ್ಪಂದಗಳ ಕುರಿತು ರಷ್ಯದ ವಿದ್ವಾಂಸರೊಬ್ಬರು ಬರೆದ ಪುಸ್ತಕವನ್ನು ಅವಳು ತನ್ನ ಪ್ರಬಂಧಕ್ಕಾಗಿ ಓದುತ್ತಿದ್ದಾಳೆ. ಯುದ್ಧನೌಕೆ ನಿಲ್ಲಿಸಿ ಪಡೆದ ಸಹಿ ಅಂತರರಾಷ್ಟ್ರೀಯ ಕಾನೂನಿನಲ್ಲಿ ಸಮ್ಮತಿಯೆನಿಸದು ಎಂಬುದು ಅವರ ವಾದ. ಸಹಿ ಸಹಿಯೇ ಎಂದೆ ನಾನು.

"ಅಮ್ಮನನ್ನು ಆಪರೇಶನ್‌ಗೆ ಒಳಗೆ ಕೊಂಡುಹೋಗುವಾಗ ಈ ಮದುವೆ ಆಗ್ತೀಯಾ ಅಂತ ನೀವು ಕೇಳಿದ್ರಿ, ನಾನು ಹೂಂ ಅಂದೆ. ಬೇರೆ ಎಂತ ಹೇಳ್ಲಿಕ್ಕಿತ್ತು ಅಪ್ಪ?" ಎಂದಳು.

ದಯವಿಟ್ಟು ಮದುವೆಗೆಂದು ಕಾದಿರಿಸಿದ ಸಭಾಗೃಹವನ್ನು ಬಿಟ್ಟುಕೊಡಿ. ಯಶ್ವಂತನಲ್ಲಿ ಯಾವ ಕೊರತೆಯೂ ಇಲ್ಲವೆಂದು ಅವನಿಗೆ ತಿಳಿಸಿ. ಇನ್ನೊಮ್ಮೆ ಕೇಳಿ ನೋಡಿ ಎಂದು ತಾವು ಹೇಳಬಹುದು. ಕೇಳಿದೆ. ಈ ಸಲ ನನ್ನ ಹೆಂಡತಿ ಪಂಕಜಾಕ್ಷಿ ಗುಣವಾಗಿ ಅಡುಗೆಮನೆಯಲ್ಲಿ ದೋಸೆ ಹೊಯ್ಯುತ್ತಿದ್ದಳು. ಸುರಕ್ಷಾ ಬೇಡವೆಂದಳು.

ವಿಷಾದಪೂರ್ವಕ,
ವಾಮನ ಮಾಸ್ತರ
ಶುಕ್ರವಾರ, 14 ನವೆಂಬರ್ 2025, ಬೆಳಿಗ್ಗೆ 9.40