ಇಬ್ಬರ ಗಾಳಿ

ವ್ಯಾನಿನೊಳಗಿಂದ,
ಹನ್ನೊಂದನೇ ತಾರೀಕು, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಮೊದಲು ಮೊಣಕಾಲಿನ ಸುದ್ದಿ ಹೇಳು. ಬಲಗಾಲು ಪೂರ್ತಿ ಮಡಚಲು ಬರುತ್ತಿದೆಯೇ? ವ್ಯಾಯಾಮ ಹೇಳಿಕೊಡುವ ಹುಡುಗಿ ಈಗಲೂ ಬರುತ್ತಿದ್ದಾಳೋ, ಇಲ್ಲ ನಿನ್ನ ಬೈಗುಳ ತಾಳಲಾರದೆ ಬೇರೆ ಕೆಲಸ ಹುಡುಕಿಕೊಂಡಳೋ? ಫೋನಿನಲ್ಲಿ ಕೇಳಿದರೆ "ಪರವಾಗಿಲ್ಲ ಕಣೇ" ಎನ್ನುತ್ತೀಯ. ದವಡೆ ಹಲ್ಲು ಕೀಳಿಸಿಕೊಂಡ ದಿನವೂ ಬಾಯಿತುಂಬ ಹತ್ತಿ ಇಟ್ಟುಕೊಂಡು ಹಾಗೇ ಅಂದಿದ್ದೆ, ಆದ್ದರಿಂದ ಆ ಮಾತನ್ನು ನಾನು ನಂಬುವುದಿಲ್ಲ. ಪಕ್ಕದಲ್ಲಿ ನಿನ್ನ ಮಗಳು, ಮೊಮ್ಮಕ್ಕಳು, ಟೀವಿ ಎಲ್ಲ ಇರುತ್ತವೆ, ನಿನಗೂ ಮಾತು ಬರುವುದಿಲ್ಲ, ನನಗೂ ಬರುವುದಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನನ್ನ ಅಕ್ಷರ ನೋಡಿ ನಗಬೇಡ, ಸ್ಟೇರಿಂಗ್ ಮೇಲೆ ಹಲಗೆ ಇಟ್ಟುಕೊಂಡು ಬರೆದರೆ ಇಷ್ಟೇ.

ನಾನು ಚೆನ್ನಾಗಿದ್ದೇನೆ. ನಿನ್ನ ಮೊಣಕಾಲಿಗೆ ಡಾಕ್ಟರು ಆರು ವಾರದ ವಿಶ್ರಾಂತಿ ಸಾಕು ಎಂದಿದ್ದರು, ಆ ಆರು ವಾರ ನಾಲ್ಕು ತಿಂಗಳಾಯಿತು. ನಿನ್ನನ್ನು ಮಗಳ ಮನೆಯ ನಾಲ್ಕನೇ ಮಹಡಿಗೆ ಹತ್ತಿಸಿ ಬಂದಾಗಿನಿಂದ ವ್ಯಾನಿನೊಳಗೆ ಎಲ್ಲ ವಸ್ತುವೂ ಇಟ್ಟ ಕಡೆಯೇ ಇರುತ್ತದೆ. ನನ್ನ ಕನ್ನಡಕ ಸಹ. ಎತ್ತಿಟ್ಟು ಮರೆಯುವವರು ಯಾರೂ ಇಲ್ಲ. ಯಾವ ಊರಿಗೆ ಹೋದರೂ ಸಂತೆಯ ಪಕ್ಕ ಗಾಡಿ ನಿಲ್ಲಿಸಿದ ಕೂಡಲೇ ಜನ ಹರಿದ ಬಟ್ಟೆ ಹಿಡಿದುಕೊಂಡು ಬರುತ್ತಾರೆ, "ಟೈಲರಮ್ಮ ಎಲ್ಲಿ?" ಎಂದು ಕೇಳುತ್ತಾರೆ. ರಜೆಯ ಮೇಲಿದ್ದಾರೆ ಎನ್ನುತ್ತೇನೆ. ಒಬ್ಬ ಮುದುಕಪ್ಪ ಮಾತ್ರ ಕೇಳಲೇ ಇಲ್ಲ. "ಬಂದ ಮೇಲೆ ಹಾಕಿಕೊಡಲಿ ಬಿಡಮ್ಮ, ನನಗೇನು ಅವಸರ" ಎಂದು ಜಿಪ್ಪು ಕಿತ್ತ ಪ್ಯಾಂಟನ್ನು ಕೊಟ್ಟೇ ಹೋದ. ಆರು ವರ್ಷ ನಾನು ಓಡಿಸಿದೆ, ನೀನು ಬಾಗಿಲು ತೆಗೆದು ಕೂತು ಹೊಲಿದೆ. ಅರ್ಧ ಅಂಗಡಿ ಮುಚ್ಚಿದರೆ ಉಳಿದರ್ಧಕ್ಕೆ ಏನು ಹೆಸರು, ನೀನೇ ಹೇಳು.

ಈಗ ಗಾಡಿಯ ಸಮಾಚಾರ. ನಿನ್ನನ್ನು ಬಿಟ್ಟು ಬಂದ ಮೂರನೇ ಬೆಳಿಗ್ಗೆ ಮುಂದಿನ ಫಲಕದಲ್ಲಿ ಹಳದಿ ದೀಪ ಹತ್ತಿಕೊಂಡಿತು. ಕುದುರೆ ಲಾಳದಂಥ ಚಿತ್ರ, ಒಳಗೊಂದು ಆಶ್ಚರ್ಯಸೂಚಕ ಚಿಹ್ನೆ, ಗಾಡಿಯೇ ನನ್ನನ್ನು ಕಂಡು "ಅಯ್ಯೋ, ನೀನೊಬ್ಬಳೇನಾ!" ಎಂದ ಹಾಗೆ. ಟೈರಿನಲ್ಲಿ ಗಾಳಿ ಕಡಿಮೆಯಾಗಿದೆ ಎಂದು ಅದರ ಅರ್ಥ. ಆರು ವರ್ಷದಲ್ಲಿ ಆ ದೀಪವನ್ನು ನಾನು ನೋಡಿಯೇ ಇರಲಿಲ್ಲ, ಯಾಕೆಂದರೆ ನೋಡುವ ಹಾಗೆ ನೀನು ಬಿಟ್ಟಿರಲಿಲ್ಲ. ಇಪ್ಪತ್ತೆರಡು ವರ್ಷ ಶಾಲೆಯ ವ್ಯಾನು ಓಡಿಸಿದವಳು ನಿಜ, ಆದರೆ ಅಲ್ಲಿ ಟೈರು ನೋಡಿಕೊಳ್ಳಲು ಬೇರೆ ಜನರಿದ್ದರು. ಇಲ್ಲಿ ನೀನಿದ್ದೆ. "ಮೇಲಿಂದು ನೀನು ನೋಡ್ಕೋ ಡ್ರೈವರಮ್ಮ, ಕೆಳಗಿಂದು ನಾನು ನೋಡ್ಕೋತೀನಿ" ಎಂದು ಗಾಳಿ ಅಳೆಯುವ ಗೇಜನ್ನು ನನ್ನ ಕೈಗೆ ಕೊಡುತ್ತಲೇ ಇರಲಿಲ್ಲವಲ್ಲ. ಈಗ ಗೇಜು ನನ್ನ ಕೈಗೆ ಬಂತು. ಕೋತಿ ಕೈಯಲ್ಲಿ ಮಾಣಿಕ್ಯ.

ಏನು ಮಾಡಿದೆ ಗೊತ್ತೇ? ದೀಪ ಕಂಡೊಡನೆ ಬಂಕಿಗೆ ಹೋಗಿ ಹಿಂದಿನ ಎರಡೂ ಟೈರಿಗೆ ಐವತ್ತೈದು ಪೌಂಡು ಗಾಳಿ ಹಾಕಿಸಿದೆ, ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಹಾಗೇ ಬರೆದಿದೆ. ದೀಪ ಆರಿತು. ಮಧ್ಯಾಹ್ನ ಬಿಸಿಲಲ್ಲಿ ಮೂರು ಗಂಟೆ ಓಡಿಸಿ ನಿಲ್ಲಿಸಿದಾಗ, ನಿನ್ನ ತಂಗಿಯಲ್ಲವೇ, ಇನ್ನೊಮ್ಮೆ ಅಳೆದೆ. ಅರವತ್ತೆರಡು! ಟೈರು ಒಡೆದೇ ಹೋಗುತ್ತದೆ ಎಂದು ಬೆದರಿ ಕುಕ್ಕರಗಾಲಲ್ಲಿ ಕೂತು ಬುಸ್ಸೆಂದು ಐವತ್ತೈದಕ್ಕೆ ಇಳಿಸಿದೆ. ಮಾರನೇ ಬೆಳಿಗ್ಗೆ ಮತ್ತೆ ದೀಪ. ಮತ್ತೆ ಹಾಕಿಸಿದೆ, ಮಧ್ಯಾಹ್ನ ಮತ್ತೆ ತೆಗೆದೆ. ಹೀಗೆ ಒಂಬತ್ತು ದಿನ. ಆ ದಿನಗಳಲ್ಲಿ ರಾತ್ರಿ ತಂಗುತ್ತಿದ್ದ ಊರಿನ ಬಂಕಿನಲ್ಲಿ ಗಾಳಿ ಹಾಕುವವರು, ನನ್ನ ವಯಸ್ಸಿನವರೇ, ಒಂಬತ್ತನೇ ದಿನ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಅಲ್ಲಮ್ಮ, ಬೆಳಿಗ್ಗೆ ತುಂಬಿಸ್ತೀರ, ಸಂಜೆ ಹೊತ್ತಿಗೆ ಎಲ್ಲಿ ಚೆಲ್ಲಿ ಬರ್ತೀರ?" ಎಂದರು. ಸಂಗತಿ ಹೇಳಿದೆ. ಅವರು ನಕ್ಕ ನಗೆಗೆ ಪಕ್ಕದ ಲಾರಿಯವರೂ ಇಳಿದು ಬಂದರು. ಓಡಿದ ಟೈರು ಕಾಯುತ್ತದೆ, ಕಾದರೆ ಒಳಗಿನ ಗಾಳಿ ಉಬ್ಬಿ ಅಂಕಿ ಏರುತ್ತದೆ, ಅದು ಲೆಕ್ಕಕ್ಕಿಲ್ಲವಂತೆ. ಬೆಳಿಗ್ಗೆ ಗಾಡಿ ಒಂದು ಮಾರೂ ಕದಲುವ ಮೊದಲು, ಟೈರು ತಣ್ಣಗಿರುವಾಗ ಅಳೆಯಬೇಕಂತೆ. ಬಿಸಿಯಲ್ಲಿ ತೆಗೆದರೆ ತಣ್ಣಗಾದ ಮೇಲೆ ಕಡಿಮೆಯಾಗದೆ ಇನ್ನೇನು?

ನಾನೂ ನಕ್ಕೆ ಅಕ್ಕಾ. ವ್ಯಾನಿನೊಳಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಅತ್ತೆ. ದಿನಾ ಬೆಳಕು ಹರಿಯುವ ಹೊತ್ತಿಗೆ ಹಳೇ ಟವೆಲು ಮಡಿಸಿ ಜಲ್ಲಿಯ ಮೇಲೆ ಹಾಕಿ ನೀನು ಮಂಡಿಯೂರುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಟೈರಿನ ಸಣ್ಣ ಮುಚ್ಚಳವನ್ನು ಗುಂಡುಪಿನ್ನು ಕಚ್ಚಿಕೊಳ್ಳುವಂತೆ ತುಟಿಯಲ್ಲಿ ಕಚ್ಚಿಕೊಂಡು, ಅಳೆದು, ಬಟ್ಟೆಗೆ ಗುರುತು ಹಾಕುವ ಚಾಕಿನಲ್ಲಿ ಟೈರಿನ ಪಕ್ಕಕ್ಕೆ ಅಂಕಿ ಬರೆಯುತ್ತಿದ್ದೆ. ನಾನು ಹೊದಿಕೆಯೊಳಗಿಂದಲೇ "ಟೈರಿಗೂ ಅಂಗಿ ಹೊಲಿಯುತ್ತೀಯಾ?" ಎಂದು ರೇಗಿಸುತ್ತಿದ್ದೆ. ಬಿಸಿಲೇರಿದ ಮೇಲೆ ನೋಡಿಕೊಳ್ಳಬಾರದೇ, ಇಷ್ಟು ಚಳಿಯಲ್ಲಿ ಯಾಕೆ ಎಂದು ಎಷ್ಟು ಸಲ ಕೇಳಿದ್ದೇನೆ, ನೀನು ಒಂದು ಸಲವೂ ವಿವರಿಸಲಿಲ್ಲ. ಆರು ವರ್ಷ, ದಿನಕ್ಕೆ ನಾಲ್ಕು ಸಲ ಮಂಡಿಯೂರಿ ಏಳುವುದು. ಆಸ್ಪತ್ರೆಯ ಓಣಿಯಲ್ಲಿ ನಿನ್ನ ಮಗಳು ನನ್ನ ಕೈಹಿಡಿದು, "ಚಿಕ್ಕಮ್ಮಾ, ಬೇಜಾರು ಮಾಡ್ಕೋಬೇಡಿ, ಅಮ್ಮ ಇನ್ನು ನೆಲದ ಮೇಲೆ ಕೂರೋ ಹಾಗಿಲ್ಲ, ಆ ಗಾಡಿ ಸಹವಾಸ ಸಾಕು" ಎಂದಳು. ಅವಳು ದೂರಲಿಲ್ಲ, ಆದರೂ ನನಗೆ ಚುಚ್ಚಿತು. ಗಾಡಿ ಕೊಳ್ಳೋಣ ಎಂದು ಗಂಟುಬಿದ್ದವಳು ನಾನು. ನಿನ್ನ ಮಂಡಿ ಸವೆದದ್ದು ನನ್ನ ಹುಚ್ಚಿಗೆ. ಅದಕ್ಕೇ ಈ ನಾಲ್ಕು ತಿಂಗಳಲ್ಲಿ ಯಾವಾಗ ಬರುತ್ತೀಯ ಎಂದು ಕೇಳಲು ನಾಲಿಗೆ ಏಳಲಿಲ್ಲ.

ತಣ್ಣಗಿರುವಾಗ ಅಳೆಯಲು ಕಲಿತ ಮೇಲೆ ಒಂದು ತಿಂಗಳು ದೀಪದ ಕಾಟ ಇರಲಿಲ್ಲ. ಬೇರೊಂದು ಶುರುವಾಯಿತು. ಗಾಡಿ ಕುಣಿಯಲು ಹತ್ತಿತು. ಸಣ್ಣ ಗುಂಡಿಗೆ ಇಳಿದರೂ ಹಿಂಭಾಗ ಎಗರಿ ಬೀಳುತ್ತಿತ್ತು, ಕಪ್ಪು ಬಸಿಗಳೆಲ್ಲ ಗಲಗಲ ಎನ್ನುತ್ತಿದ್ದವು, ನಿನ್ನ ನೀಲಿ ಕಪ್ಪು ಬಿದ್ದು ಒಡೆದೂ ಹೋಯಿತು (ಬೈಯಬೇಡ, ಹಿಡಿ ಮಾತ್ರ ಉಳಿದಿದೆ, ಎತ್ತಿಟ್ಟಿದ್ದೇನೆ). ಟೈರಿನಂಗಡಿಗೆ ಒಯ್ದೆ. ಅಂಗಡಿಯವರು ಹಿಂದಿನ ಟೈರನ್ನು ಸವರಿ, ನಡುಭಾಗ ಮಾತ್ರ ಸವೆದಿದೆ ನೋಡಿ ಎಂದು ತೋರಿಸಿದರು. ಒಳಗೆ ಇಣುಕಿ, ಹೊಲಿಗೆ ಮಿಷನ್ನಿನ ಕಾಲು ಊರಿದ ನಾಲ್ಕು ಗುರುತು, ಟ್ರಂಕುಗಳಿದ್ದ ಖಾಲಿ ಜಾಗ, ನಿನ್ನ ಮಂಚ ಎಲ್ಲ ನೋಡಿದರು. ಮಿಷನ್ನು, ಬಟ್ಟೆಯ ಟ್ರಂಕು, ಇಸ್ತ್ರಿ ಮೇಜು ಎಲ್ಲವನ್ನೂ ನಿನ್ನ ಮಗಳು ಟೆಂಪೋದಲ್ಲಿ ತರಿಸಿಕೊಂಡಳಲ್ಲ. "ಈಗ ಒಬ್ಬರೇನಾ ಓಡಾಡೋದು?" ಎಂದು ಕೇಳಿದರು. ಇಬ್ಬರು ಎಂದೆ. "ಇನ್ನೊಬ್ಬರು ಎಲ್ಲಿ?" ಬರುತ್ತಾರೆ ಎಂದೆ. ಅವರು ಬಾಗಿಲ ಚೌಕಟ್ಟಿನ ಚೀಟಿಯ ಮೇಲೆ ಬೆರಳಿಟ್ಟರು. ಅದರಲ್ಲಿ ಎರಡು ಸಾಲಿವೆ, ನಾನು ಒಂದನ್ನೇ ಓದಿದ್ದೆ. ಐವತ್ತೈದು ತುಂಬು ಭಾರಕ್ಕೆ. ಗಾಡಿ ಹಗುರವಾಗಿದ್ದರೆ ನಲವತ್ತಾರು ಸಾಕು. "ನೀವು ಇಬ್ಬರ ಗಾಳಿ ಹಾಕ್ಕೊಂಡು ಓಡಿಸ್ತಿದ್ದೀರಮ್ಮ, ಅದಕ್ಕೇ ಕುಣಿಯುತ್ತೆ" ಎಂದರು.

ಅವರೇ ಇಳಿಸಿದರು. ಇಳಿಸಿದ ಕೂಡಲೇ ಹಳದಿ ದೀಪ. ಗಾಡಿಗೆ ಹಳೆಯ ಅಂಕಿಯೇ ನೆನಪಿರುವುದರಿಂದ ಹಾಗಂತೆ. ಸ್ಟೇರಿಂಗಿನ ಕೆಳಗೆ ಒಂದು ಪುಟ್ಟ ಬಟನ್ ಇದೆ, ಒತ್ತಿ ಹಿಡಿದರೆ ಗಾಡಿ ಹಳೆಯದನ್ನು ಮರೆತು ಹೊಸ ಅಂಕಿಯನ್ನೇ ಸರಿ ಎಂದುಕೊಳ್ಳುತ್ತದೆ. ಅವರು ಕೈಚಾಚಿದರು, ನಾನು ತಡೆದೆ. ಆಮೇಲೆ ನಾನೇ ಒತ್ತುತ್ತೇನೆ ಎಂದೆ. ಒತ್ತಲಿಲ್ಲ. ಮೂರು ವಾರ ಒತ್ತಲಿಲ್ಲ. ಐವತ್ತೈದು ವರ್ಷ ದಾಟಿದವಳ ಹಟವೇ ಇದು ಎನ್ನುತ್ತೀಯ. ಹೌದು, ಹಟವೇ. ಗಾಡಿಗೆ ನೀನು ನೆನಪಿದ್ದೀಯ, ಅದನ್ನು ನನ್ನ ಕೈಯಾರೆ ಮರೆಸಲು ನನಗೆ ಮನಸ್ಸು ಬರಲಿಲ್ಲ. ದೀಪ ಉರಿಯುತ್ತಲೇ ಇತ್ತು, ನಾನು ಓಡಿಸುತ್ತಲೇ ಇದ್ದೆ, ಅದರ ಜೊತೆ ಮಾತಾಡುತ್ತಲೂ ಇದ್ದೆ ಎಂದರೆ ನಿನ್ನ ಮಗಳಿಗೆ ಹೇಳಬೇಡ.

ಕಳೆದ ಗುರುವಾರ ಹೆದ್ದಾರಿಯಲ್ಲಿ ಒಂದು ಲಾರಿ ಪಕ್ಕಕ್ಕೆ ಬಂದು ಹಾರನ್ ಹೊಡೆಯಿತು. ನಾನು ದಾರಿ ಬಿಟ್ಟೆ. ಅದು ಮುಂದೆ ಹೋಗದೆ ಮತ್ತೆ ಹೊಡೆಯಿತು. ಚಾಲಕ ಕೈ ಹೊರಗೆ ಹಾಕಿ ಕೆಳಗೆ, ಕೆಳಗೆ ಎಂದು ತೋರಿಸುತ್ತಿದ್ದ. ಸ್ಟೇರಿಂಗ್ ಎಡಕ್ಕೆ ಎಳೆಯುತ್ತಿದ್ದದ್ದು ಆಗ ನನ್ನ ಗಮನಕ್ಕೆ ಬಂತು. ನಿಲ್ಲಿಸಿ ಇಳಿದು ನೋಡಿದರೆ ಹಿಂದಿನ ಎಡ ಟೈರು ನೆಲಕ್ಕೆ ಹರಡಿಕೊಂಡಿದೆ, ಬೆರಳುದ್ದದ ಮೊಳೆ. ಎಷ್ಟು ದೂರದಿಂದ ಸೋರುತ್ತಿತ್ತೋ! ಗಾಡಿ ಹೇಳಲಿಲ್ಲ ಎನ್ನುವಂತಿಲ್ಲ, ಮೂರು ವಾರದಿಂದ ಉರಿಯುತ್ತಿರುವ ದೀಪ ಇನ್ನು ಹೊಸದಾಗಿ ಏನು ಹೇಳೀತು? ಲಾರಿಯ ಚಾಲಕ ಜಾಕ್ ಕೊಟ್ಟು ಚಕ್ರ ಬದಲಿಸಿಕೊಟ್ಟ. "ಈ ದೀಪ ಹತ್ತಿದ್ದು ನೋಡ್ಲಿಲ್ವಾ ತಾಯಿ?" ಎಂದ. ನೋಡುತ್ತಲೇ ಇದ್ದೆನಪ್ಪಾ ಎಂದೆ. ಅವನಿಗೆ ಅರ್ಥವಾಗಲಿಲ್ಲ. ಅವನು ಹೋದ ಮೇಲೂ ರಸ್ತೆಯ ಬದಿಯಲ್ಲಿ ಅರ್ಧ ಗಂಟೆ ಕೂತಿದ್ದೆ. ನನಗೇನಾದರೂ ಆಗಿದ್ದರೆ ಆ ಸುದ್ದಿ ನಿನಗೆ ಯಾರು, ಹೇಗೆ ಹೇಳುತ್ತಿದ್ದರು ಎಂಬುದೊಂದೇ ಯೋಚನೆ.

ಮೊಳೆ ಕಿತ್ತು ತೇಪೆ ಹಾಕಿಸಿ, ಮಾರನೇ ಬೆಳಿಗ್ಗೆ ತಣ್ಣಗಿರುವಾಗ ನಲವತ್ತಾರು ನೋಡಿಕೊಂಡು, ಬಟನ್ ಒತ್ತಿ ಹಿಡಿದೆ. ದೀಪ ಮೂರು ಸಲ ಮಿಣುಕಿ ಆರಿತು. ಗಾಡಿ ಈಗ ಕುಣಿಯುವುದಿಲ್ಲ, ಹದವಾಗಿ ಓಡುತ್ತದೆ. ಇನ್ನು ನನ್ನ ಚಿಂತೆ ಬಿಡು. ಗೇಜು ಹಿಡಿಯಲು ಬರುತ್ತದೆ, ಚೀಟಿಯ ಎರಡೂ ಸಾಲು ಓದಲು ಬರುತ್ತದೆ. ನಿನಗೆ ಅಲ್ಲಿ ಹಾಸಿಗೆ ಇದೆ, ಬಿಸಿನೀರು ಇದೆ, ಮಾತಾಡಿಸುವ ಮೊಮ್ಮಕ್ಕಳಿದ್ದಾರೆ. ನೀನು ಅಲ್ಲೇ ಆರಾಮಾಗಿರು. ನನ್ನ ಸಲುವಾಗಿ ಅವಸರ ಮಾಡಬೇಡ, ಬರಲೇಬೇಕೆಂದೂ ಇಲ್ಲ.

ನಿನ್ನ ಮಗಳಿಗೆ ನನ್ನ ಆಶೀರ್ವಾದ, ಅವಳು ನಿನ್ನನ್ನು ನೋಡಿಕೊಳ್ಳುವ ರೀತಿಗೆ ನನ್ನ ಆಯುಸ್ಸೂ ಅವಳಿಗಿರಲಿ. ಮಕ್ಕಳಿಬ್ಬರಿಗೂ ಕೆನ್ನೆಗೊಂದೊಂದು ಮುತ್ತು. ನಿನಗೆ, ಆ ಎರಡು ಮೊಣಕಾಲಿಗೂ ಸೇರಿಸಿ, ನಮಸ್ಕಾರ.

ನಿನ್ನ ತಂಗಿ,
ಡ್ರೈವರಮ್ಮ

ಮರೆತ ಮಾತು: ಲಕೋಟೆಗೆ ಅಂಚೆಚೀಟಿ ಇಲ್ಲ, ನೋಡಿದೆಯಾ? ಇದನ್ನು ನಿಮ್ಮ ಕಟ್ಟಡದ ವಾಚ್‌ಮನ್ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ನಿನ್ನೆ ಮಧ್ಯಾಹ್ನದಿಂದ ಎದುರಿನ ಔಷಧಿ ಅಂಗಡಿಯ ಪಕ್ಕದಲ್ಲೇ ನಿಂತಿದ್ದೇನೆ. ನೀನು ಎರಡು ಸಲ ಬಾಲ್ಕನಿಗೆ ಬಂದೆ, ಕೋಲಿಲ್ಲದೆ ಬಂದೆ, ಆದರೆ ಕೆಳಗೆ ನೋಡಲಿಲ್ಲ. ಮೇಲೆ ಹತ್ತಿ ಬಂದರೆ ಮಕ್ಕಳು ಕೊರಳಿಗೆ ಬೀಳುತ್ತಾರೆ, ನಿನ್ನ ಮಗಳು ಉಪಚಾರ ಮಾಡುತ್ತಾಳೆ, ನಾನು ಕೇಳಬೇಕಾದದ್ದನ್ನು ಕೇಳದೆ ಇಳಿದು ಬರುತ್ತೇನೆ. ಮೇಲೆ ಬರೆದದ್ದೆಲ್ಲ ನಿಜ, ಅಲ್ಲೇ ಇರು ಎಂದದ್ದೊಂದು ಸುಳ್ಳು. ನೀನಿಲ್ಲದೆ ನನಗೆ ಆಗುವುದಿಲ್ಲ ಅಕ್ಕಾ. ಬಾ ಎಂದು ಎಳೆಯುವುದಿಲ್ಲ. ಬರುತ್ತೀಯೋ ಇಲ್ಲವೋ, ನಿನ್ನ ಮಗಳ ಬಾಯಿಂದಲ್ಲ, ಡಾಕ್ಟರ ಬಾಯಿಂದಲ್ಲ, ನಿನ್ನ ಬಾಯಿಂದ ಒಂದು ಸಲ ಕೇಳಬೇಕು. ಬಾಲ್ಕನಿಗೆ ಬಂದು ಕೂಗಿ ಹೇಳು, ಬೀದಿಯವರೆಲ್ಲ ಕೇಳಿಸಿಕೊಂಡರೂ ಚಿಂತೆಯಿಲ್ಲ. ಎಂಜಿನ್ ಆರಿಸಿ, ಎರಡೂ ಕಿಟಕಿ ಇಳಿಸಿ ಕೂತಿದ್ದೇನೆ.